ಇನ್ನೊಂದ್ಸಲ ಸುರಿಯಮ್ಮ

ಹಸಿರು ಚೂಡಿದಾರ ಇನ್ನೂ ಇದೆಯಾ ಎಂದು ಅವನು ಫೋನಿನಲ್ಲಿ ಕೇಳಿದ್ದ. ಹೇಗಿದ್ದೀಯ ಅನ್ನಲಿಲ್ಲ, ಮನೆಯವರು ಹೇಗಿದ್ದಾರೆ ಅನ್ನಲಿಲ್ಲ. "ಟೀವಿಯಿಂದ ಅನಂತರಾಜು ಕಣಮ್ಮ, ಗ್ಯಾಪ್ಕ ಐತಾ? ಆವತ್ತು ಕೆರೆ ಹತ್ರ ಹಾಕ್ಕಂಡಿದ್ದಲ್ಲ, ಹಸುರುದು, ಅದನ್ನೇ ಹಾಕ್ಕಂಡಿರು. ಜನ ಗುರ್ತು ಹಿಡೀಬೇಕು." ಶಿವಲಕ್ಷ್ಮಿ ಅಪ್ಪನ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು "ಹೂಂ ಸಾರ್" ಅಂದಿದ್ದಳು. ಎರಡು ವರ್ಷದಿಂದ, ಈ ದನಿ ಇನ್ನೊಮ್ಮೆ ಕಿವಿಗೆ ಬಿದ್ದರೆ ಏನೇನು ಅನ್ನಬೇಕು ಎಂದು ಫ್ಯಾಕ್ಟರಿಯಲ್ಲಿ ಕಲ್ಲು ಒರೆಸುವಾಗ, ಬಚ್ಚಲಲ್ಲಿ ತಲೆಗೆ ನೀರು ಹುಯ್ದುಕೊಳ್ಳುವಾಗ ಮಾತು ಜೋಡಿಸಿ ಇಟ್ಟುಕೊಂಡಿದ್ದಳು. ಬಾಯಿಗೆ ಬಂದದ್ದು ಮಾತ್ರ ಆವತ್ತಿನದೇ ಹೂಂ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆಮೇಲೆ, ಫೋನು ಗೂಡಿನಲ್ಲಿಟ್ಟು ಎಷ್ಟೋ ಹೊತ್ತಾದ ಮೇಲೆ, ಅದೇ ಸರಿ ಅನ್ನಿಸಿತು. ಹೂಂ ಅನ್ನುವವಳು ಎಂದೇ ಅವನು ತಿಳಿದುಕೊಂಡು ಬರಲಿ.

ಚೂಡಿದಾರ ಒಲೆಯ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಅವ್ವ ಅದನ್ನು ಎರಡು ಸೀಳು ಮಾಡಿ ಮಸಿಬಟ್ಟೆ ಮಾಡಿಕೊಂಡಿದ್ದಳು. ಕೊರಳಿನ ಸುತ್ತ ಹಾಕಿದ್ದ ದಾರದ ಹೂ ಇನ್ನೂ ಉಳಿದಿತ್ತು. ಅದರ ಮೇಲೆ ಮುದ್ದೆಯ ಪಾತ್ರೆಯ ಕಪ್ಪು ಅವ್ವನ ಹೆಬ್ಬೆಟ್ಟಿನ ಅಗಲಕ್ಕೆ ಕೂತಿತ್ತು. ದಿನಕ್ಕೆ ಎರಡು ಸಲ ಆ ಬಟ್ಟೆಯಲ್ಲಿ ಪಾತ್ರೆ ಇಳಿಸುವಾಗ ಅವ್ವ ಏನನ್ನು ನೆನೆಯುತ್ತಾಳೆ ಎಂದು ಶಿವಲಕ್ಷ್ಮಿ ಕೇಳಿದವಳಲ್ಲ. ಅವ್ವ ಲಕ್ಷ್ಮಿದೇವಮ್ಮ ಬೈಯುವ ಹೆಂಗಸು, ಕೋಳಿಯನ್ನೂ ಬೈಯುತ್ತಾಳೆ, ಬೀಸುವ ಗಾಳಿಯನ್ನೂ ಬೈಯುತ್ತಾಳೆ. ಈ ಒಂದು ವಿಷಯಕ್ಕೆ ಮಾತ್ರ ಬೈದಿರಲಿಲ್ಲ. ಬಟ್ಟೆ ಹರಿದ ಸದ್ದು ಮಾತ್ರ ಒಂದು ಸಂಜೆ ಅಡಿಗೆಮನೆಯಿಂದ ಕೇಳಿತ್ತು. ಉದ್ದಕ್ಕೆ, ನಿಧಾನಕ್ಕೆ.

ಇವತ್ತು ಅವಳಿಗೆ ವಾರದ ರಜೆ. ಹಿತ್ತಲಿನ ಕಲ್ಲಿನ ಮೇಲೆ ಕೂತು ಉಗುರಿನ ಸಂದಿಯ ಬಿಳಿಯನ್ನು ಕಡ್ಡಿಯಿಂದ ಕೆದಕಿದಳು. ತೊಳೆದಷ್ಟೂ ಬಿಳಿ ಬರುತ್ತಿತ್ತು. ಬೆಟ್ಟವನ್ನೇ ಹಲಗೆ ಹಲಗೆಯಾಗಿ ಕೊಯ್ದು ಕನ್ನಡಿಯಂತೆ ಉಜ್ಜುವ ಫ್ಯಾಕ್ಟರಿ. ಉಜ್ಜಿದ ಕಲ್ಲಿನ ಮೇಲಿನ ಹಸಿ ಪುಡಿಯನ್ನು ಒರೆಸುವುದು ಅವಳ ಕೆಲಸ. ಮೊದಲು ಈ ಕೈ ಬೇರೆಯಾಗಿತ್ತು. ಕುದಿಯುವ ನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿ ಯಾವಾಗಲೂ ಮುದುಕಿಯದರಂತೆ ಸುಕ್ಕಾಗಿರುತ್ತಿತ್ತು, ಸತ್ತ ಹುಳದ ವಾಸನೆ ಅನ್ನ ಕಲಸುವಾಗಲೂ ಬಿಡುತ್ತಿರಲಿಲ್ಲ. ಹಿತ್ತಲಿನ ಶೀಟಿನ ಮನೆಯಲ್ಲಿ ಅವರದು ಫಿಲೇಚರ್ ಇತ್ತು, ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಎರಡು ಬೇಸಿನ್ನಿನದು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಅಲ್ಲಿಯೇ ಕೂತಳು. ಬೆಂದ ನೂರು ಗೂಡುಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯ ತುದಿಯನ್ನು ಹುಡುಕುವುದು ಅವಳಷ್ಟು ಬೇಗ ದೊಡ್ಡಿಯಲ್ಲಿ, ಅವರ ಆ ಸಣ್ಣ ಊರಲ್ಲಿ, ಯಾರಿಗೂ ಬರುತ್ತಿರಲಿಲ್ಲ. "ಕೈ ಆಡುಸ್ಬ್ಯಾಡ ಮಗ, ನೋಡ್ತಾ ಕೂತ್ಕೊ," ಎಂದು ಅಪ್ಪ ಪುಟ್ಟಲಿಂಗಯ್ಯ ಹೇಳಿಕೊಟ್ಟಿದ್ದ. "ತುದಿ ತಾನಾಗೇ ಮ್ಯಾಕೆ ಬತ್ತದೆ. ಅದು ಬರೋಗಂಟ ಎಳೀಬಾರ್ದು. ಬಂದ್ಮ್ಯಾಲೆ ಬುಡಬಾರ್ದು."

ಆ ಶೀಟಿನ ಮನೆಯಲ್ಲಿ ಈಗ ಸೌದೆ ಒಟ್ಟಿದ್ದರು. ಬೇಸಿನ್ನನ್ನು ಗುಜರಿಯವರು ಬಂದು ಗ್ಯಾಸಿನ ಬೆಂಕಿಯಲ್ಲಿ ತುಂಡು ಮಾಡಿಕೊಂಡು ಹೋಗಿದ್ದರು. ಬೇಸಿನ್ನು ಕೂತಿದ್ದ ಜಾಗದಲ್ಲಿ ಎರಡು ದುಂಡನೆಯ ಗುರುತು ಇದ್ದವು. ಅವುಗಳ ಮೇಲೆ ಮಾತ್ರ ಅಪ್ಪ ಸೌದೆ ಹಾಕಿರಲಿಲ್ಲ.

ಎರಡು ವರ್ಷದ ಹಿಂದೆ ಕೆರೆಯಲ್ಲಿ ಮೀನು ಸತ್ತು ತೇಲಿದವು. ಬೆಳಿಗ್ಗೆ ಎದ್ದವರಿಗೆ ಕೆರೆಯ ಮೇಲೆ ಬೆಳ್ಳಗೆ ಏನೋ ಹಾಸಿದ ಹಾಗೆ ಕಂಡಿತು. ಹತ್ತಿರ ಹೋದರೆ ಹೊಟ್ಟೆ ಮೇಲಾದ ಮೀನು, ಅದರ ನಡುವೆ ಹಾಲಿನಂಥ ನೀರು. ಹಾಲಿನಂಥ ನೀರು ಎಲ್ಲಿಂದ ಬರುತ್ತದೆಂದು ದೊಡ್ಡಿಯ ಕೂಸಿಗೂ ಗೊತ್ತಿತ್ತು. ಫ್ಯಾಕ್ಟರಿಯ ಕಾಂಪೌಂಡಿನ ಕೆಳಗೆ ಒಂದು ಮೋರಿ, ಮೋರಿಯಿಂದ ಒಂದು ಹಳ್ಳ, ಹಳ್ಳದಿಂದ ಕೆರೆ. ಟೀವಿಯವರು ಬಂದರು ಅಂದಾಗ ಎಲ್ಲರೂ ಹಿಗ್ಗಿದ್ದರು, ಇನ್ನು ಫ್ಯಾಕ್ಟರಿಯವರಿಗೆ ಐತೆ ಅಂದುಕೊಂಡಿದ್ದರು. ಅನಂತರಾಜು ಮಾಗಡಿ ಕಡೆಯವನು, ತಿಪ್ಪಸಂದ್ರದ ಹತ್ತಿರದವನು. ನಮ್ಮೋನೇ ಅಂತ ಅವ್ವ ಕಾಫಿ ಕೊಟ್ಟಳು. ಕ್ಯಾಮೆರಾದವನು ಗೌಸ್, ರಾಮನಗರದವನು, ಮಾತು ಕಮ್ಮಿ. ಅಪ್ಪ ನೂಲು ತೆಗೆದುಕೊಂಡು ರಾಮನಗರಕ್ಕೆ ಹೋಗಿದ್ದ. ಅನಂತರಾಜು ಕಾಫಿ ಕುಡಿಯುತ್ತ ಮೂಗು ಸೊಟ್ಟ ಮಾಡಿ ಹಿತ್ತಲ ಕಡೆ ನೋಡಿದ. "ಗೂಡು ಬೇಯ್ಸಿದ್ ನೀರು ಎಲ್ಲಿಗ್ ಬುಡ್ತೀರವ್ವ?"

"ತಿಪ್ಪೆಗೆ ಕಣಪ್ಪ. ಮಿಕ್ಕಿದ್ದು ರೇಷ್ಮೆ ಕಡ್ಡಿ ತೋಟಕ್ಕೆ. ಸೊಪ್ಪು ಚೆಂದಾಗ್ ಬತ್ತದೆ."

ಅವನು ಗೌಸ್ ಕಡೆ ನೋಡಿದ. ಆಮೇಲೆ ಅವಳ ಕಡೆ ನೋಡಿದ. "ಒಂದ್ ಕೊಡ ಕೆರೆ ಹತ್ರ ತತ್ತೀಯಾಮ್ಮ? ಇಲ್ಲಿ ಕತ್ಲು. ಅಲ್ಲಿ ಬೆಳಕು ಚೆನ್ನಾಗೈತೆ."

ಇಷ್ಟರವರೆಗೆ ಎಲ್ಲ ಅವನದು. ಇಲ್ಲಿಂದ ಮುಂದಿನದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬಟ್ಟೆ ಬದಲಾಯಿಸು ಎಂದು ಯಾರೂ ಹೇಳಲಿಲ್ಲ. ಹುಳದ ಕಲೆಯ ನೈಟಿ ಬಿಚ್ಚಿ ದೀಪಾವಳಿಗೆ ಹೊಲಿಸಿದ್ದ ಹಸಿರು ಚೂಡಿದಾರ ಹಾಕಿಕೊಂಡು, ಮುಖಕ್ಕೆ ಪೌಡರು ಹಚ್ಚಿ, ಕನ್ನಡಿಯಲ್ಲಿ ಒಂದು ಸಲ ನಕ್ಕು ನೋಡಿ ಹೊರಟವಳು ಅವಳೇ. ದಾರಿಯುದ್ದಕ್ಕೂ ಸೊಂಟದ ಮೇಲೆ ಕಂದು ನೀರು ತುಳುಕದ ಹಾಗೆ ಕೊಡ ಹಿಡಿದು, ಎದುರು ಸಿಕ್ಕವರು ನೋಡಲಿ ಎಂದೇ ನಿಧಾನ ನಡೆದಿದ್ದಳು. ಇಪ್ಪತ್ತು ವರ್ಷ ಯಾರೂ ಕಣ್ಣಿಟ್ಟು ನೋಡದವಳನ್ನು ಒಂದು ಮಿಷಿನ್ನು ನೋಡುತ್ತದೆ ಅಂದರೆ ಅದಕ್ಕೆ ಏನು ಬೇಕಾದರೂ ಸುರಿಯಬಹುದು ಅನ್ನಿಸಿತ್ತು. ಸತ್ತ ಮೀನುಗಳ ಪಕ್ಕ ನಿಂತು ಸುರಿದಳು. ಗೌಸ್ ಹೇಳಿಕೊಟ್ಟ, "ಈ ಕೆಂಪು ದೀಪ ಉರೀತಿದ್ರೆ ನಡೀತಾ ಐತೆ ಅಂತ. ಆಗ ನನ್ ಕಡೆ ನೋಡಬ್ಯಾಡಿ." ಅವಳು ನೋಡಿಬಿಟ್ಟಿದ್ದಳು. "ಇನ್ನೊಂದ್ಸಲ ಸುರಿಯಮ್ಮ," ಅಂದ ಅನಂತರಾಜು. ಕೊಡದಲ್ಲಿ ಅರ್ಧ ಉಳಿದಿತ್ತು, ಸುರಿದಳು. "ಇನ್ನೊಂದ್ಸಲ." ಕೊಡ ಖಾಲಿಯಾಗಿತ್ತು. "ಅಯ್ಯೋ, ಕೆರೆದೇ ತುಂಬ್ಕೋ, ಯಾರಿಗ್ ಗೊತ್ತಾಯ್ತದೆ?" ಮೂರನೆಯ ಸಲ ಅವಳು ಕೆರೆಯ ನೀರನ್ನೇ ಮೊಗೆದು ಕೆರೆಗೆ ಸುರಿದಳು. ಮುಖದ ಮೇಲೆ ಬಿಸಿಲು ಬಿದ್ದಿತ್ತು. ಅವನು ಕೈ ತಟ್ಟಿದ. "ಮೂರನೇದು ಚೆನ್ನಾಗ್ ಬಂತು."

ಟೀವಿಯಲ್ಲಿ ಬಂದದ್ದು ಆ ಮೂರನೆಯದು. ಒಂದು ವಾರ, ಅರ್ಧ ಗಂಟೆಗೊಮ್ಮೆ. ಅವಳ ಮುಖದ ಸುತ್ತ ಕೆಂಪು ಗೆರೆಯ ಒಂದು ಸುತ್ತು, ಕೆಳಗೆ ದೊಡ್ಡ ಅಕ್ಷರದಲ್ಲಿ 'ಕೆರೆ ಕೊಂದ ಕೈಗಳು', ಜೊತೆಗೆ ಸಿನಿಮಾದಲ್ಲಿ ಕೊಲೆ ಆಗುವಾಗ ಬರುವಂಥ ಸಂಗೀತ. ಫ್ಯಾಕ್ಟರಿ ಇರಲಿಲ್ಲ, ಮೋರಿ ಇರಲಿಲ್ಲ, ಹಾಲಿನ ನೀರು ಇರಲಿಲ್ಲ. ನಡುನಡುವೆ ಬರುವ ಜಾಹೀರಾತಿನಲ್ಲಿ ಮಾತ್ರ ಫ್ಯಾಕ್ಟರಿಯ ಕಲ್ಲು ಬರುತ್ತಿತ್ತು. ಕಪ್ಪಗೆ ಹೊಳೆಯುವ ಅಡಿಗೆಮನೆ, ಅದರಲ್ಲಿ ಮುಖ ನೋಡಿಕೊಂಡು ನಗುವ ಹೆಂಗಸು. ಎಲ್ಲೋ ಸಭೆಯಲ್ಲಿ ಯಾರೋ ಮೇಜು ಕುಟ್ಟಿ ಮಾತಾಡಿದರಂತೆ, ಪೇಪರಿನವರೂ ಬರೆದರಂತೆ. ಎರಡು ತಿಂಗಳಿಗೆ ಬೆಂಗಳೂರಿನ ಯಾವುದೋ ಆಫೀಸಿನಿಂದ ಆರ್ಡರು ಬಂತು. ನೀರು ಶುದ್ಧ ಮಾಡುವ ತೊಟ್ಟಿ ಇಲ್ಲದೆ ಊರೊಳಗೆ ಯಾರೂ ಗೂಡು ಬೇಯಿಸುವ ಹಾಗಿಲ್ಲ. ದೊಡ್ಡಿಯಲ್ಲಿ ಹನ್ನೊಂದು ಶೀಟಿನ ಮನೆಯ ಹೊಗೆ ಒಂದೇ ದಿನ ನಿಂತಿತು. ಅಪ್ಪ ಟೀವಿಯ ಮುಂದೆ ಕೂತು ಅವಳ ಚಿತ್ರವನ್ನು ಬಹಳ ಹೊತ್ತು ನೋಡಿ, "ಚೆಂದಾಗೇ ಬಂದವ್ಳೆ," ಎಂದಷ್ಟೇ ಅಂದು ಎದ್ದುಹೋಗಿದ್ದ. ನಲ್ಲಿಯ ಹತ್ತಿರ ಹೆಂಗಸರು ಅಷ್ಟಕ್ಕೆ ಬಿಡಲಿಲ್ಲ. "ಏನಮ್ಮಿ ಟೀವಿ, ಕೊಡ ಒಸಿ ಜ್ವಾಪಾನ ಕಣೆ. ಕೆರೆ ಸತ್ತಾತು, ನಲ್ಲೀನಾರ ಉಳ್ಸು." ಅವಳು ತಲೆ ತಗ್ಗಿಸಿ ನೀರು ಹಿಡಿಯುತ್ತಿದ್ದಳು. ಕೊಡ ತುಂಬುವಷ್ಟು ಹೊತ್ತು ಎಷ್ಟು ಉದ್ದವಿರುತ್ತದೆಂದು ಆಗ ಗೊತ್ತಾಯಿತು. ಕೊನೆಗೆ ಕೆಲಸ ಕೊಟ್ಟದ್ದು ಆ ಫ್ಯಾಕ್ಟರಿಯೇ. ಪಕ್ಕದ ಮನೆಯ ಶಿವಲಿಂಗಮ್ಮ ತನ್ನ ಜೊತೆ ಕರೆದುಕೊಂಡು ಹೋಗಿ ಸೇರಿಸಿದಳು. ಊರಲ್ಲಿ ಅವಳನ್ನು ಟೀವಿ ಎನ್ನದೆ ಲಕ್ಷ್ಮೀ ಎಂದು ಕರೆಯುವವಳು ಅವಳೊಬ್ಬಳೇ.

ಎರಡು ಗಂಟೆಗೆ ಬಿಳಿ ಸುಮೋ ಬಂತು. ಅನಂತರಾಜು ದಪ್ಪಗಾಗಿದ್ದ, ಹೊಸ ಬೂಟು ಹಾಕಿದ್ದ. ಇಳಿಯುತ್ತಲೇ ಅವಳ ಬಟ್ಟೆ ನೋಡಿದ. ಕಂದು ಬಣ್ಣದ ಹಳೇ ಚೂಡಿದಾರ.

"ಎಲ್ಲಮ್ಮ ಹಸುರುದು?"

"ಹರ್ದೋಯ್ತು ಸಾರ್. ವೇಲ್ ಐತೆ."

"ವೇಲಾದ್ರೂ ಹಾಕ್ಕೋ ಮತ್ತೆ." ಅವ್ವ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಕಾಫಿ ತರಲಿಲ್ಲ. ಅವನೇ, "ಒಸಿ ನೀರಾದ್ರೂ ಕೊಡವ್ವ, ಬಿಸ್ಲು," ಎಂದು ನಕ್ಕ. ಅವ್ವ, "ಕೆರೇಲಿ ಐತೆ, ಕುಡ್ಕೊ ಓಗು," ಅಂದು ಒಳಗೆ ಹೋದಳು. ಅವನು ಅದನ್ನೂ ತಮಾಷೆ ಎಂದುಕೊಂಡು ನಕ್ಕ.

ಕೆರೆಗೆ ನಡೆಯುತ್ತ ಅವನು ಹೇಳಿದ. ಹೊರದೇಶದಲ್ಲಿ ಒಂದು ದೊಡ್ಡ ಸಭೆ. ಪೇಪರು, ಟೀವಿ ಸೇರಿ ಬೇರೆ ಬೇರೆ ದೇಶದಲ್ಲಿ ಸರ್ಕಾರದ ಕೈಲಿ ಹೇಗೆ ಕಾನೂನು ಮಾಡಿಸಿದವು ಅನ್ನುವುದರ ಮೇಲೆ. ಅವನನ್ನು ಕರೆದಿದ್ದಾರೆ. ಅಲ್ಲಿ ಅವಳ ಚಿತ್ರ ತೋರಿಸುತ್ತಾನೆ, ಆವತ್ತಿನದು ಒಂದು, ಇವತ್ತಿನದು ಒಂದು. "ಅಮೆರಿಕಾದಲ್ಲಿ ಒಂದು ನದಿಗೆ ಬೆಂಕಿ ಬಿದ್ದು ಉರೀತು ಕಣಮ್ಮ, ನೀರಿಗೆ ಬೆಂಕಿ! ಪತ್ರಿಕೇಲಿ ಬಂತು, ಜನ ಎದ್ರು, ಕಾನೂನು ಬಂತು. ಜಪಾನಲ್ಲಿ ತಾಯಿ ಸಮುದ್ರದ ಮೀನು ತಿಂದು ಹುಟ್ತಾನೇ ಕೈಕಾಲು ಸೊಟ್ಟಾದ ಒಂದು ಹೆಣ್ಣುಮಗು, ಅದ್ನ ತಾಯಿ ತೊಟ್ಟೀಲಿ ಕೂರ್ಸ್ಕಂಡು ನೀರು ಹಾಕ್ತಾವ್ಳೆ, ಅದೊಂದು ಫೋಟೋ. ಲೋಕವೇ ನೋಡ್ತು. ಹಂಗೇ ನಮ್ದು."

ಅವಳ ಕಣ್ಣೊಳಗೆ ಆ ತಾಯಿ ಕೂತುಬಿಟ್ಟಳು. ಅವಳು ಮಗುವಿಗೆ ನೀರು ಹಾಕುವಾಗ ಯಾರಾದರೂ ಇನ್ನೊಂದು ಸಲ ಹಾಕು ಅಂದಿದ್ದರೆ ಏನು ಮಾಡುತ್ತಿದ್ದಳು?

"ಆ ಮೀನಿಗೆ ಏನಾಗಿತ್ತು ಸಾರ್?"

"ಫ್ಯಾಕ್ಟರಿ ಕಣಮ್ಮ. ವಿಷದ್ ನೀರು ಬುಟ್ಟಿದ್ರು."

"ಆಮೇಲೆ ಕೇಸು ಯಾರ್ ಮ್ಯಾಲೆ ಆಯ್ತು? ಆ ತಾಯಿ ಮ್ಯಾಲಾ?"

ಅವನು ನಡೆಯುತ್ತಲೇ ತಿರುಗಿ ನೋಡಿದ. ಅವಳ ಮುಖದಲ್ಲಿ ಏನೂ ಇರಲಿಲ್ಲ, ದಡ್ಡಿಯ ಮುಖ. "ಚೆಂದಾಗ್ ಕೇಳ್ತೀಯಲ್ಲ," ಅಂದು ಮುಂದೆ ನಡೆದ. ಕ್ಯಾಮೆರಾ ಹೊತ್ತು ಹಿಂದೆ ಬರುತ್ತಿದ್ದ ಗೌಸ್ ಕೆಮ್ಮಿದ. ಅನಂತರಾಜು ಫೋನು ಬಂತೆಂದು ಮುಂದೆ ಹೋದಾಗ, ಗೌಸ್ ಅವಳನ್ನು ನೋಡದೆ, ನೆಲ ನೋಡುತ್ತ ಅಂದ: "ನಮ್ ಚಿಕ್ಕಮ್ಮ ರಹೀಮಾ ಅಂತ, ರಾಮನಗರದಾಗೆ ನಾಲ್ಕು ಬೇಸಿನ್ ಇಟ್ಟಿದ್ರು. ಅದೇ ಆರ್ಡರಿಗೆ ಅವರ್ದೂ ಹೋಯ್ತು. ಪಿಕ್ಚರ್ ತೆಗ್ದಿದ್ದು ನಾನೇ ಅಂತ ಇವತ್ತಿಗೂ ಹೇಳಿಲ್ಲ ಅವ್ರಿಗೆ." ಒಂದಿಷ್ಟು ದೂರ ನಡೆದು ಮತ್ತೆ ಅಂದ: "ಬರೋ ತಿಂಗ್ಳಿಂದ ನಾನು ಬೇರೆ ಚಾನೆಲ್ಲು." ಅವಳಿಗೆ, ಕುದಿಯುವ ನೀರಿನಲ್ಲಿ ಎಲ್ಲೋ ಒಂದು ಕಡೆ, ಕಂಡೂ ಕಾಣದಷ್ಟು ಸಣ್ಣಗೆ, ಏನೋ ಮೇಲೆ ಬಂದ ಹಾಗಾಯಿತು. ಕೈ ಆಡಿಸಲಿಲ್ಲ.

ಅವಳು ಜೋಡಿಸಿಟ್ಟುಕೊಂಡಿದ್ದ ಸೇಡು ಸಣ್ಣದು. ಫ್ಯಾಕ್ಟರಿಯಲ್ಲಿ ಮೂರೂವರೆಗೆ ಸೈರನ್ ಆಗುತ್ತದೆ, ಆಗ ವಾಚ್‌ಮನ್ ಮರಿಯಪ್ಪ ತೊಟ್ಟಿಯ ವಾಲ್ವು ತಿರುಗಿಸುತ್ತಾನೆ, ಇಡೀ ದಿನ ಕಲ್ಲು ತೊಳೆದ ನೀರು ಮೋರಿಯಿಂದ ಒಂದೇ ಸಲಕ್ಕೆ ಹಳ್ಳಕ್ಕೆ ಬೀಳುತ್ತದೆ. ಒಣಗಿದ ಹಳ್ಳದ ತಳ ನೋಡಲಿಕ್ಕೆ ಸಿಮೆಂಟು ಬಳಿದ ಹಾಗೆ ನುಣ್ಣಗೆ ಇರುತ್ತದೆ. ಹೊಸಬರಿಗೆ ದಾರಿ ಎಂದೇ ಅನ್ನಿಸುತ್ತದೆ.

"ಸಾರ್," ಅಂದಳು, ದನಿ ತಾನಾಗೇ ಸಣ್ಣಗಾಯಿತು, "ಅಲ್ಲಿ ತಗ್ಗಲ್ಲಿ ನಿಂತ್ಕಂಡ್ರೆ ಹಿಂದ್ಗಡೆ ಕಬ್ಬಾಳು ಬೆಟ್ಟ ಪೂರ್ತಿ ಕಾಣ್ತದೆ. ಬೆಳಕೂ ಚೆನ್ನಾಗೈತೆ."

"ಏ, ನೀನೇ ಡೈರೆಕ್ಟರ್ ಆಗ್ಬುಟ್ಟಲ್ಲ!" ಅವನು ಇಳಿದ. ಅವಳು ಹಳ್ಳದ ದಡದ ಮೇಲೆ ನಿಂತಳು. ಕೆಂಪು ದೀಪ ಹತ್ತಿತು. ಅವನ ಕನ್ನಡ ತಟಕ್ಕನೆ ಬದಲಾಯಿತು, ಪುಸ್ತಕದ ಹಾಗೆ. ವೀಕ್ಷಕರೇ, ಎರಡು ವರ್ಷಗಳ ಹಿಂದೆ ಇದೇ ಕೆರೆಯ ದಂಡೆಯಲ್ಲಿ. ಅವಳು ಹೇಳಬೇಕಾದದ್ದು ಒಂದೇ ವಾಕ್ಯ: ಅಂದು ತಿಳಿಯದೆ ತಪ್ಪು ಮಾಡಿದೆ, ಇಂದು ಬದಲಾಗಿದ್ದೇನೆ. ಸೈರನ್ ಆಗುವವರೆಗೆ ಹೊತ್ತು ಕಳೆಯಲು ಅವಳು ಬೇಕೆಂದೇ ತಪ್ಪು ಹೇಳಿದಳು. ಒಂದು ಸಲ 'ಇಂದು' ಮರೆತಳು, ಒಂದು ಸಲ ಕ್ಯಾಮೆರಾ ನೋಡಿದಳು, ಒಂದು ಸಲ ನಾಚಿ ವೇಲಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾಚಿಕೆ ಅವಳಿಗೆ ಸುಳ್ಳು ಹೇಳಿ ತಂದುಕೊಳ್ಳಬೇಕಾದ ವಸ್ತುವಲ್ಲ. ಇಷ್ಟು ದಿನ ಮೈಗೆ ಅಂಟಿಕೊಂಡಿದ್ದು ಮೊದಲ ಸಲ ಉಪಯೋಗಕ್ಕೆ ಬಂತು. "ಪರ್ವಾಗಿಲ್ಲ, ಇನ್ನೊಂದ್ಸಲ," ಎಂದು ಅವನು ಪ್ರತಿಸಲ ಅಂದ. 

ಸೈರನ್ ಆಯಿತು. ಅವನಿಗೆ ಅದೊಂದು ಸದ್ದು ಅಷ್ಟೆ, ಮುಗಿಯಲಿ ಎಂದು ಕಾದ. ನೀರು ಬಂದಾಗ ಅವನು ಮೈಕಿನ ವೈರು ಬಿಡಿಸಿಕೊಳ್ಳುತ್ತಿದ್ದ. ಬಂದದ್ದು ನೀರಿನ ಹಾಗಲ್ಲ, ಗಂಜಿಯ ಹಾಗೆ, ದಪ್ಪಗೆ, ಸದ್ದಿಲ್ಲದೆ; ಮೊದಲು ಬೂಟು ಮುಚ್ಚಿತು, ಆಮೇಲೆ ಮೊಣಕಾಲು. ಓಡಲು ಹೋಗಿ ಜಾರಿ ಕೂತುಬಿಟ್ಟ. ಎದ್ದಾಗ ಸೊಂಟದ ಕೆಳಗೆ ಪೂರಾ ಸುಣ್ಣ ಹೊಡೆದ ಗೋಡೆ. ದಡ ಹತ್ತಲು ಕೈ ಚಾಚಿದ. ಅವಳು ಒಂದು ಕ್ಷಣ ತಡೆದು ಕೈ ಕೊಟ್ಟಳು. ನಗು ಬರಲಿಲ್ಲ. ಎರಡು ವರ್ಷ ಕಾದದ್ದು ಇಷ್ಟಕ್ಕಾ ಎನ್ನಿಸಿತು. ಬೂಟು ತೊಳೆದರೆ ಹೋಗುತ್ತದೆ, ಪ್ಯಾಂಟು ಒಗೆದರೆ ಹೋಗುತ್ತದೆ, ಕ್ಯಾಮೆರಾದಲ್ಲಿ ಬಿದ್ದದ್ದನ್ನು ಅಳಿಸಿಬಿಡುತ್ತಾನೆ. ಅವಳ ಮುಖದ ಸುತ್ತ ಎಳೆದ ಕೆಂಪು ಸುತ್ತು ಮಾತ್ರ ಹೊರದೇಶದವರೂ ನೋಡುತ್ತಾರೆ.

"ಗೌಸ್, ಆಫ್ ಮಾಡಯ್ಯಾ!" ಎಂದು ಕಿರುಚಿದ ಅನಂತರಾಜು.

"ಆಯ್ತು ಸಾರ್," ಅಂದ ಗೌಸ್. ಅವನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೇ ಬಿಟ್ಟು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಕೈಕಟ್ಟಿ ನಿಂತು ಬೆಟ್ಟ ನೋಡಿದ.

ಕೆಂಪು ದೀಪ ಉರಿಯುತ್ತಲೇ ಇತ್ತು.

ತುದಿ ಮೇಲೆ ಬಂದಿತ್ತು. ಅವಳು ಆ ಕಡೆ ನೋಡಲಿಲ್ಲ. ದೀಪ ಉರಿಯುವಾಗ ನೋಡಬಾರದು ಎಂದು ಕಲಿತಿದ್ದಳು. ಅನಂತರಾಜು ಪ್ಯಾಂಟು ಹಿಂಡುತ್ತಿದ್ದ, ಮೈಕು ಕಂಕುಳಲ್ಲೇ ಇತ್ತು. ಅವಳು ವೇಲಿನ ತುದಿ ಸುತ್ತುತ್ತ ಅವನ ಎದುರಿಗೆ ಬಂದು ನಿಂತಳು. "ಈ ನೀರು ದಿನಾ ಹಿಂಗೇ ಬತ್ತದೆ ಸಾರ್. ಆವತ್ತೂ ಬಂದಿತ್ತು. ನೀವ್ ನೋಡಿರ್ನಿಲ್ವಾ?"

"ನೋಡ್ದೆ ಏನಮ್ಮ? ನಾನೇನ್ ಕುರುಡ್ನಾ?" ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. "ಫ್ಯಾಕ್ಟ್ರಿಯೋರ ಜಾಹೀರಾತಿಲ್ದೆ ನಮ್ ಚಾನೆಲ್ಲು ಒಂದ್ ದಿನ ನಡ್ಯಲ್ಲ. ಮೀನ್ ಸುದ್ದಿ ಬೇಕು, ಕಲ್ಲಿನ್ ಸುದ್ದಿ ಬ್ಯಾಡ, ಬೇರೆ ಯಾರಾದ್ರೂ ಸಿಕ್ತಾರಾ ನೋಡು ಅಂತ ಮೇಲಿನೋರು ಮೊದ್ಲೇ ಹೇಳಿ ಕಳ್ಸಿದ್ರು. ನೀನ್ ಸಿಕ್ದೆ."

ನೀನು ಸಿಕ್ಕಿದೆ. ಅಷ್ಟೆ. ಬೆಂದ ಗೂಡುಗಳ ನಡುವೆ ಕೈಗೆ ಸಿಕ್ಕ ಒಂದು ಗೂಡು. ಎರಡು ವರ್ಷ ಅವಳು ತನ್ನಲ್ಲಿ ಏನೋ ಇತ್ತು ಎಂದುಕೊಂಡಿದ್ದಳು, ಪೌಡರು, ನಗು, ಹಸಿರು ಬಟ್ಟೆ, ಆಸೆ. ಏನೂ ಇರಲಿಲ್ಲ. ಒಂದು ನಿಮಿಷ ತಲೆಯೊಳಗೆ ಗಾಳಿ ಆಡಿದ ಹಾಗಾಯಿತು, ಆಮೇಲೆ ಮೊದಲಿಗಿಂತ ಹೆಚ್ಚು ಉರಿಯಿತು.

"ನೀರ್ ಸದ್ದು ಸಾರ್. ಕೇಳಿಸ್ನಿಲ್ಲ. ಇನ್ನೊಂದ್ಸಲ ಹೇಳಿ."

ಅವನು ಹಲ್ಲು ಕಚ್ಚಿ ಮತ್ತೆ ಹೇಳಿದ, ಕಿವುಡಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ. ಫ್ಯಾಕ್ಟರಿಯ ಹೆಸರೂ ಹೇಳಿದ, ಹೇಳಿ ಕಳಿಸಿದವರ ಹೆಸರೂ ಹೇಳಿದ. ಬೆಟ್ಟ ನೋಡುತ್ತಿದ್ದ ಗೌಸ್ ಅಲ್ಲಿಂದಲೇ, "ಸಾರ್, ಒಸಿ ಈ ಕಡೆ ಬಿಸ್ಲಿಗೆ ಬನ್ನಿ, ಕಾಲು ಒಣಗ್ತದೆ," ಅಂದ. ಅನಂತರಾಜು ಬಂದ. ಬಿಸಿಲು ಅವನ ಮುಖದ ಮೇಲೆ ಪೂರಾ ಬಿತ್ತು.

ಅವಳಿಗೆ ಆಗ ಶಿವಲಿಂಗಮ್ಮನ ನೆನಪಾಯಿತು. ನಾಳೆ ಬೆಳಿಗ್ಗೆ ಏಳಕ್ಕೆ ಅವಳು ಬಾಗಿಲಲ್ಲಿ ನಿಂತು "ಲಕ್ಷ್ಮೀ, ಬತ್ತೀಯೇನಮ್ಮಿ" ಅನ್ನುತ್ತಾಳೆ. ಈ ಚಿತ್ರ ಎಲ್ಲಾದರೂ ಬಂದರೆ ಯಾರೋ ಮೇಜು ಕುಟ್ಟುತ್ತಾರೆ, ಎಲ್ಲಿಂದಲೋ ಆರ್ಡರು ಬರುತ್ತದೆ. ಆರ್ಡರು ಹೇಗೆ ನಡೆದು ಬರುತ್ತದೆಂದು ಅವಳು ನೋಡಿದ್ದಳು. ದೊಡ್ಡ ಗೇಟಿನ ಮುಂದೆ ಅದು ನಿಲ್ಲುವುದಿಲ್ಲ, ಸಂದಿಗಳಲ್ಲಿ ನುಗ್ಗಿ ಶೀಟಿನ ಮನೆ ಹುಡುಕುತ್ತದೆ. ಕಲ್ಲು ಕೊಯ್ಯಿಸಿದವನನ್ನು ಬಿಟ್ಟು ಒರೆಸುವ ನಲವತ್ತು ಹೆಂಗಸರನ್ನು ಮನೆಗೆ ಕಳಿಸುತ್ತದೆ. ನಲ್ಲಿಯ ಹತ್ತಿರ ಮತ್ತೆ ಅವಳದೇ ಹೆಸರು. ಈಗ ಗೌಸ್ ಕಡೆ ಒಂದು ಸಲ ತಲೆ ಅಲ್ಲಾಡಿಸಿದರೆ ಸಾಕು, ಅವನು ದೀಪ ಆರಿಸುತ್ತಾನೆ. ಆವತ್ತು ಯಾರೂ ಅವಳಿಗೆ ಹೇಳಿರಲಿಲ್ಲ. ಇವತ್ತು ಎಲ್ಲ ಗೊತ್ತಿತ್ತು.

ವೇಲಿನ ತುದಿ ಬೆರಳಿಗೆ ಬಿಗಿದು ಬೆರಳು ಬೆಳ್ಳಗಾಗಿತ್ತು. ಅವಳು ತಲೆ ಅಲ್ಲಾಡಿಸಲಿಲ್ಲ. ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ನಂಗೆ ಓದು ಕಮ್ಮಿ ಸಾರ್, ಬಿರ್ರನೆ ಅರ್ಥ ಆಗಾಕಿಲ್ಲ. ಕೆರೆ ಕೊಂದಿದ್ದು ನಾವಲ್ಲ, ಫ್ಯಾಕ್ಟ್ರಿಯೋರು ಅಂತ ನಿಮ್ಗೆ ಆವತ್ತೇ ಗೊತ್ತಿತ್ತು. ಹಂಗೇ ಅಲ್ವಾ? ಇನ್ನೊಂದ್ಸಲ ಹೇಳಿ."

"ಹೌದು ಕಣೇ ಹೌದು! ಅವ್ರೇ ಕೊಂದಿದ್ದು, ನಂಗೆ ಗೊತ್ತಿತ್ತು, ಗೊತ್ತಿದ್ದೇ ನಿನ್ ಕೈಲಿ ಸುರಿಸ್ದೆ! ಸಾಕಾ?" ಅವನ ದನಿ ಕೆರೆಯ ಆಚೆ ದಡಕ್ಕೆ ಬಡಿದು ಬಂತು. ಹಳ್ಳದಲ್ಲಿ ಬಿಳಿ ನೀರು ಸದ್ದಿಲ್ಲದೆ ಹರಿಯುತ್ತಿತ್ತು.

ಅವಳು ಕೈ ತಟ್ಟಲಿಲ್ಲ. ಬೆರಳಿಗೆ ಸುತ್ತಿದ್ದ ವೇಲನ್ನು ನಿಧಾನವಾಗಿ ಬಿಚ್ಚಿದಳು. ಆಮೇಲೆ ತಲೆಯೆತ್ತಿ, ನೋಡಬಾರದು ಎಂದು ಹೇಳಿಕೊಟ್ಟಿದ್ದ ಕಡೆ, ದೀಪವನ್ನೇ ನೇರವಾಗಿ ನೋಡಿದಳು. ಅವಳ ನೋಟದ ಹಿಂದೆಯೇ ಅವನ ಕತ್ತೂ ತಿರುಗಿತು.

"ಸಾಕು ಸಾರ್," ಅಂದಳು. "ಮೂರನೇದು ಚೆನ್ನಾಗ್ ಬಂತು."